ಕರಿಹಲಗೆಗೆ ಹಿಡಿದ ಕೊಡೆ

ಪ್ರಭುತ್ವಕ್ಕೂ ಪ್ರಜೆಗೂ ಇರುವ ಸಂಬಂಧ ಅತ್ಯಂತ ಸೂಕ್ಷ್ಮವಾದದ್ದು. ಒಂದು ಮಾತು ಹೆಚ್ಚಾದರೆ ಸಿಂಹಾಸನ ಅಲುಗುತ್ತದೆ, ಒಂದು ಮಾತು ಕಡಿಮೆಯಾದರೆ ಪ್ರಜೆಯ ಬೆನ್ನು ಬಾಗುತ್ತದೆ. ಈ ಘನವಾದ ವಿಚಾರ ನನಗೆ ಹೊಳೆದದ್ದು ಅಡುಗೆಮನೆಯ ಹೊಸಿಲ ಬಳಿ ಮಂಡಿಯೂರಿ, ಇರುವೆಗಳಿಗೆ ಅಡ್ಡವಾಗಿ ಔಷಧದ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾಗ. ಅದೂ ಪೂರ್ತಿ ಹೊಳೆಯಲಿಲ್ಲ. ಅರ್ಧಕ್ಕೇ ಮಂಡಿ ಹಿಡಿದುಕೊಂಡಿತು.

ಮಂಡಿ ಹಿಡಿದುಕೊಂಡವನು ಕೂತಲ್ಲೇ ಮಾಡಬಹುದಾದ ಕೆಲಸ ಈಗಿನ ಕಾಲದಲ್ಲಿ ಒಂದೇ, ಮೊಬೈಲು ನೋಡುವುದು. ನೋಡಿದೆ. ನಂದಿನಿ ಲೇಔಟಿನ ನಮ್ಮ ರಸ್ತೆಯವರದೊಂದು ವಾಟ್ಸಾಪ್ ಗುಂಪಿದೆ. ಸರ್ಕಾರಿ ಕೆಲಸದಿಂದ ನಿವೃತ್ತನಾದವನು, ಕೈಯಲ್ಲಿ ಬೇರೆ ಕೆಲಸವಿಲ್ಲ, ಕನ್ನಡದಲ್ಲಿ ಟೈಪು ಮಾಡಬಲ್ಲ ಎಂಬ ಅರ್ಹತೆಗಳನ್ನು ನೋಡಿ ನನ್ನನ್ನು ಅದಕ್ಕೆ ಅಡ್ಮಿನ್ ಮಾಡಿದ್ದಾರೆ. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯೊಬ್ಬಳು ನಮ್ಮ ರಸ್ತೆ ತಿರುವಿನ ದೊಡ್ಡ ಗುಂಡಿಯ ಫೋಟೋ ಹಾಕಿ, ಕೆಳಗೆ ಬರೆದಿದ್ದಳು: “ಮುಂದಿನ ಭಾನುವಾರ ಈ ಗುಂಡಿಗೆ ಒಂದು ವರ್ಷ ತುಂಬುತ್ತೆ. ಸರ್ಕಾರದ ಕಡೆಯಿಂದ ಯಾರಾದ್ರೂ ಬಂದು ಕೇಕ್ ಕಟ್ ಮಾಡಬೇಕಾಗಿ ವಿನಂತಿ.”

ಅದರ ಕೆಳಗೆ ಮೂಲೆಮನೆಯವರ ಗಾಬರಿ: “ಅಡ್ಮಿನ್ ಸಾರ್, ದಯವಿಟ್ಟು ಡಿಲೀಟ್ ಮಾಡಿ. ಹಳೇ ರಾಜದ್ರೋಹ ತೆಗೆದು ಹೊಸ ಕಾನೂನು ತಂದಿದಾರೆ. ನಂಬರ್ ಬೇರೆ, ಆದ್ರೆ ಇನ್ನೂ ಸ್ಟ್ರಾಂಗ್ ಅಂತೆ. ಏನಾದ್ರೂ ಆದ್ರೆ ಮೊದ್ಲು ಒಳಗೆ ಹೋಗೋದು ಅಡ್ಮಿನ್ನು.”

ಒಳಗೆ ಹೋಗುವ ಮಾತು ಬಂದ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ಆ ಸಂದೇಶದ ಮೇಲೆ ಹೋಯಿತು. ಮಂಡಿಗಿಲ್ಲದ ಚುರುಕು ಅದಕ್ಕಿತ್ತು. ಆದರೆ ಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿತ್ತು. ಪರದೆಯ ಮೇಲೆ, ಆ ಗುಂಡಿಯ ಮೇಲೆ, ಬಿಳಿಯ ಒಂದು ಗುರುತು ಬಿತ್ತು. ಅದನ್ನು ನೋಡುತ್ತ ಕೂತೆ, ಸುಣ್ಣದ ವಾಸನೆ ಮೂಗಿಗೆ ಬಂತು. ನೀವು ನನ್ನ ವಯಸ್ಸಿನವರಾಗಿದ್ದರೆ ನಿಮಗೆ ಗೊತ್ತಿರುತ್ತದೆ, ಒಂದು ವಾಸನೆ ಮೂಗಿಗೆ ಹೋದರೆ ಅದು ಅಲ್ಲೇ ನಿಲ್ಲುವುದಿಲ್ಲ. ಈ ಸಲ ಅದು ನೇರವಾಗಿ ಎಂಬತ್ತರ ದಶಕದ ರಾಜಾಜಿನಗರಕ್ಕೆ ಹೋಗಿ, ಒಂದು ಹೊಂಗೆ ಮರದ ಕೆಳಗೆ ನಿಂತಿತು.

ಆ ಮರದ ಕೆಳಗೆ ಒಂದು ಕರಿಹಲಗೆ ಇತ್ತು. ಆಗಿನ ನಮ್ಮ ಕಡೆಯ ಬಡಾವಣೆಗಳಲ್ಲಿ ಇದೊಂದು ಪದ್ಧತಿ. ನಾಲ್ಕು ರಸ್ತೆ ಕೂಡುವಲ್ಲಿ ಎರಡು ಕಂಬ ನೆಟ್ಟು, ನಡುವೆ ಕರಿಹಲಗೆ ಕೂರಿಸಿ, ಮೇಲೆ ಹಳದಿ ಕೆಂಪು ಬಣ್ಣದಲ್ಲಿ ಕನ್ನಡ ಸಂಘದ ಹೆಸರು ಬರೆಸುತ್ತಿದ್ದರು. ದಿನ ಬೆಳಗಾದರೆ ಅದರ ಮೇಲೆ ಒಂದು ಒಳ್ಳೆಯ ಮಾತು ಮೂಡಬೇಕು. ಪರೋಪಕಾರ, ತಾಯಿಯ ಋಣ, ಕಾಲದ ಬೆಲೆ, ಹೀಗೆ. ಬಸ್ಸಿಗೆ ಕಾಯುವವರು ಓದುತ್ತಿದ್ದರು. ಬಸ್ಸು ತಡವಾದಷ್ಟೂ ಅವರ ನೈತಿಕ ಮಟ್ಟ ಏರುತ್ತಿತ್ತು.

ನಮ್ಮ ಹಲಗೆಗೆ ಬರೆಯುವವನು ನಾನು. ಸಂಘದ ಅಧ್ಯಕ್ಷರು ಶಿವಪುತ್ರಪ್ಪನವರು; ಹುಬ್ಬಳ್ಳಿ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಜವಳಿ ಅಂಗಡಿ ಇಟ್ಟವರು. ಹಣೆಯ ತುಂಬ ವಿಭೂತಿ, ಅಂಗಡಿಯ ತುಂಬ ಸೀರೆ. ನಾನು ಆಗ ಹಗಲು ಕೆಲಸ ಹುಡುಕುತ್ತ, ಸಂಜೆ ಕಾಲೇಜಿನಲ್ಲಿ ಲಾ ಓದುತ್ತಿದ್ದೆ. ಅಪರಾಧ ಕಾನೂನಿನ ಪರೀಕ್ಷೆಯನ್ನು ಎರಡನೆಯ ಪ್ರಯತ್ನದಲ್ಲಿ ದಾಟಿದ್ದೆ. ದಾಟಿದ ಮೇಲೆ, ದೇಶದಲ್ಲಿ ಯಾರು ಏನು ಮಾಡಿದರೂ ಅದು ಯಾವ ಕಲಮಿನಲ್ಲಿ ಬರುತ್ತದೆ ಎಂದು ಹೇಳದೆ ಇರಲು ನನಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಬೆಕ್ಕು ಹಾಲು ಕುಡಿದರೆ ಕಳ್ಳತನ, ಮುನ್ನೂರ ಎಪ್ಪತ್ತೊಂಬತ್ತು ಎನ್ನುತ್ತಿದ್ದೆ. ಶಿವಪುತ್ರಪ್ಪನವರು ನನ್ನನ್ನು “ವಕೀಲ್ರ” ಎಂದೇ ಕರೆಯುತ್ತಿದ್ದರು. ಅದರಲ್ಲಿ ವ್ಯಂಗ್ಯ ಇರಬಹುದೆಂದು ಆಗ ಹೊಳೆದಿರಲಿಲ್ಲ.

ಅಪ್ಪನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿದ್ದು ನಿವೃತ್ತರಾದವರು. ಇಡೀ ಆಯುಷ್ಯ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಂಡವರು. ಅವರು ಟೈಪು ಮಾಡಿದ ಪ್ರತಿ ಪತ್ರದ ಕೊನೆಗೆ ಎಡಗಡೆ ಮೂಲೆಯಲ್ಲಿ ಎರಡು ಜೊತೆ ಅಕ್ಷರ ಇರುತ್ತಿದ್ದವು: ಹೇಳಿದ ಸಾಹೇಬರದು ಮೊದಲು, ಓರೆಗೆರೆ ಹಾಕಿ ಬರೆದವರದು ನಂತರ. ಅಪ್ಪನಿಗೆ ಆ ಓರೆಗೆರೆ ಎಂದರೆ ಕೋಟೆಯ ಗೋಡೆ. “ಹೇಳ್ದೋರು ಆ ಕಡೆ, ಬರ್ದೋರು ಈ ಕಡೆ. ಹೊಣೆ ಎಲ್ಲಾ ಆ ಕಡೆ ಕಣೋ,” ಎನ್ನುತ್ತಿದ್ದರು. ಮನೆಗೆ ಸಾಮಾನು ತರಬೇಕಾದರೂ ಅಮ್ಮ ಒಂದೊಂದೇ ಹೇಳಬೇಕು, ಇವರು ಶೀಘ್ರಲಿಪಿಯಲ್ಲಿ ಬರೆದುಕೊಳ್ಳಬೇಕು. ಅಮ್ಮ ಹುಣಸೆಹಣ್ಣು ಹೇಳುವುದು ಮರೆತರೆ ಹುಣಸೆಹಣ್ಣು ಬರುತ್ತಿರಲಿಲ್ಲ, ಸಾರಿಗೆ ಹುಳಿ ಇರುತ್ತಿರಲಿಲ್ಲ, ಅಪ್ಪ ಆ ಸಾರನ್ನು ಓರೆಗೆರೆಯ ಈ ಕಡೆ ಕೂತು ನಿಶ್ಚಿಂತೆಯಿಂದ ಉಣ್ಣುತ್ತಿದ್ದರು.

ಆ ವರ್ಷ ಬೇಸಿಗೆಯ ಕೊನೆಗೆ ನನಗೆ ದ್ವಿತೀಯ ದರ್ಜೆ ಗುಮಾಸ್ತನ ಕೆಲಸಕ್ಕೆ ಆದೇಶ ಬಂತು. ಅಪ್ಪ ಅದನ್ನು ದೇವರ ಮುಂದಿಟ್ಟು, ತಾವೂ ಸ್ವಲ್ಪ ಹೊತ್ತು ಅದರ ಮುಂದೆಯೇ ಕೂತಿದ್ದರು. ಆದೇಶದಲ್ಲಿ ಒಂದು ಷರತ್ತಿತ್ತು. ಅಭ್ಯರ್ಥಿಯ ನಡತೆ, ಪೂರ್ವಾಪರಗಳ ಬಗ್ಗೆ ಸ್ಥಳೀಯ ಪೊಲೀಸ್ ಠಾಣೆಯಿಂದ ವರದಿ ಬರಬೇಕು. ತಿಂಗಳ ಕೊನೆಯೊಳಗೆ ಬರದಿದ್ದರೆ ಕೆಲಸ ಮುಂದಿನವನಿಗೆ. ಕಾಗದ ಆಗಲೇ ಠಾಣೆಯ ಸಬ್ ಇನ್‌ಸ್ಪೆಕ್ಟರ ಮೇಜಿನ ಮೇಲಿತ್ತು. ಬೇರೆ ಯಾವ ಮನುಷ್ಯನಾದರೂ ಅಂಥ ದಿನಗಳಲ್ಲಿ ಬಾಯಿ ಮುಚ್ಚಿಕೊಂಡು, ಪರೋಪಕಾರದ ಬಗ್ಗೆ ಬರೆದುಕೊಂಡು ಇರುತ್ತಿದ್ದ.

ಆದರೆ ಕೊಳಾಯಿ ಬಿಡಲಿಲ್ಲ. ನಮ್ಮ ರಸ್ತೆಯಲ್ಲಿ ನೀರು ಬರುವುದು ನಿಂತುಹೋಗಿತ್ತು. ಬೆಳಗಿನ ಜಾವ ಕೊಳಾಯಿ ತಿರುಗಿಸಿದರೆ ಒಳಗಿನಿಂದ ಮುದುಕ ಗೊರಕೆ ಹೊಡೆದ ಹಾಗೆ ಒಂದು ಸದ್ದು ಬರುತ್ತಿತ್ತು, ಅಷ್ಟೆ. ಒಂದು ಬೆಳಿಗ್ಗೆ ಖಾಲಿ ಕೊಡ ಕೆಳಗಿಟ್ಟು ಆ ಸದ್ದು ಕೇಳುತ್ತ ನಿಂತಿದ್ದವನು, ನೆಟ್ಟಗೆ ಹೊಂಗೆ ಮರದ ಹತ್ತಿರ ಹೋಗಿ, ತಾಯಿಯ ಋಣವನ್ನು ಒರೆಸಿ, ದುಂಡನೆಯ ಅಕ್ಷರದಲ್ಲಿ ಬರೆದೆ:

“ಮಲಗಿರುವ ಸರ್ಕಾರಕ್ಕಿಂತ ಒಣಗಿದ ಕೊಳಾಯಿ ಮೇಲು, ಅದು ಸದ್ದಾದರೂ ಮಾಡುತ್ತದೆ.”

ಬರೆದು, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದೆ. ಚೆನ್ನಾಗಿ ಕಂಡಿತು. ಈಗಲೂ ಪರವಾಗಿಲ್ಲ ಅನ್ನಿಸುತ್ತದೆ. ನನ್ನ ಸಾಹಿತ್ಯ ಜೀವನದ ಆರಂಭವೂ ಅಂತ್ಯವೂ ಅದೇ ಆದ್ದರಿಂದ ಅದರ ಮೇಲೆ ಸ್ವಲ್ಪ ಮಮತೆ.

ಅವತ್ತೇ ಬಸವೇಶ್ವರನಗರದಲ್ಲಿ ಮಂತ್ರಿಗಳೊಬ್ಬರು ನೀರಿನ ಟ್ಯಾಂಕಿಗೆ ಶಂಕುಸ್ಥಾಪನೆ ಮಾಡುವವರಿದ್ದರು. ಅವರ ಕಾರು ನಮ್ಮ ಸರ್ಕಲಿನ ಮೇಲೆಯೇ ಹಾದುಹೋಗಬೇಕಿತ್ತು. ದಾರಿ ನೋಡಿಕೊಂಡು ಹೋಗಲು ಸಬ್ ಇನ್‌ಸ್ಪೆಕ್ಟರು ಒಬ್ಬ ಪೇದೆಯೊಂದಿಗೆ ಜೀಪಿನಲ್ಲಿ ಬಂದರು. ಹಲಗೆ ನೋಡಿದರು. ಶಿವಪುತ್ರಪ್ಪನವರು ಅಂಗಡಿಯಿಂದ ಓಡಿಬಂದರು. ನಾನೂ ಅಲ್ಲೇ ಇದ್ದೆ. ಬರೆದ ಮೇಲೆ ಓದುವವರ ಮುಖ ನೋಡುತ್ತ ನಿಲ್ಲುವುದು ನನ್ನ ಚಾಳಿ.

“ಯಾರ್ರೀ ಇದನ್ನ ಬರ್ದಿದ್ದು?”

“ನಾನೇ ಸಾರ್,” ಎಂದೆ.

“ಅಳಿಸಯ್ಯಾ. ಮಿನಿಸ್ಟ್ರು ಬರ್ತಾ ಇದಾರೆ. ಬೇರೆ ಏನಾದ್ರೂ ಒಳ್ಳೇದು ಬರಿ.”

ಇಷ್ಟೇ. ಅವರ ದನಿಯಲ್ಲಿ ಕೋಪವೂ ಇರಲಿಲ್ಲ. ಶಿವಪುತ್ರಪ್ಪನವರು ಆಗಲೇ ಒದ್ದೆ ಬಟ್ಟೆ ತಂದು ನನ್ನ ಕೈಗೆ ಕೊಟ್ಟಿದ್ದರು. ನಾನು ಆ ಬಟ್ಟೆಯನ್ನು ಹಲಗೆಗೆ ತಾಗಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಸುತ್ತ ಜನ ಸೇರಿದ್ದರು. ಲಗ್ಗೆರೆ ಕಡೆಯಿಂದ ಫ್ಯಾಕ್ಟರಿಗೆ ಹೋಗುವ ಸೈಕಲಿನವರು ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದರು. ಸಂಜೆ ಕಾಲೇಜಿನವನಿಗೆ ಅಂಥ ಸಭೆ ಮತ್ತೆ ಯಾವಾಗ ಸಿಕ್ಕೀತು? ಗಂಟಲು ಸರಿಮಾಡಿಕೊಂಡು ಹೇಳಿದೆ:

“ಅಳಿಸ್ತೀನಿ ಸಾರ್. ಆದ್ರೆ ಒಂದು ಮಾತು. ಇದು ಐಪಿಸಿ ನೂರಿಪ್ಪತ್ನಾಲ್ಕು-ಎ ಕೆಳಗೆ ಬರೋದಿಲ್ಲ.”

ಅವರು ಜೀಪಿನ ಕಡೆ ತಿರುಗಿದ್ದವರು ನಿಂತರು. “ಅದ್ಯಾವುದು?”

“ರಾಜದ್ರೋಹ ಸಾರ್. ಸರ್ಕಾರದ ಮೇಲೆ ಜನರಲ್ಲಿ ದ್ವೇಷ, ತಿರಸ್ಕಾರ, ಅಪ್ರೀತಿ ಹುಟ್ಟಿಸೋ ಥರ ಬರೆದ್ರೆ ಜೀವಾವಧಿವರೆಗೂ ಶಿಕ್ಷೆ ಕೊಡಬಹುದು. ಆದ್ರೆ ಬರೀ ಟೀಕೆ ಅದರಲ್ಲಿ ಬರಲ್ಲ. ಸುಪ್ರೀಂ ಕೋರ್ಟೇ ಹೇಳಿದೆ, ಗಲಭೆಗೆ ಪ್ರಚೋದನೆ ಇರಬೇಕು ಅಂತ.”

“ಜೀವಾವಧಿ,” ಎಂದರು ಅವರು. ಉಳಿದದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಹಲಗೆಯನ್ನು ಇನ್ನೊಂದು ಸಲ, ಈಗ ಬೇರೆ ಕಣ್ಣಿನಿಂದ, ಓದಿದರು. “ಇದು ಅಷ್ಟು ದೊಡ್ಡದೇನಯ್ಯಾ?”

“ಅಲ್ಲ ಅಂತಾನೇ ಸಾರ್ ನಾನು ಹೇಳ್ತಿರೋದು!”

“ನೀನು ಹೇಳಿದ್ರೆ ಆಯ್ತಾ? ನಾಳೆ ಯಾರಾದ್ರೂ ಜೀವಾವಧಿ ಕೇಸನ್ನ ಒದ್ದೆ ಬಟ್ಟೇಲಿ ಒರೆಸಿ ಕಳಿಸ್ಬಿಟ್ಟ ಅಂತ ನನ್ನ ಮೇಲೆ ಬರೆದ್ರೆ?” ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ಪೇದೆಗೆ ಕೊಟ್ಟರು. “ಹನುಮಂತಯ್ಯ, ಇದು ಸಾಕ್ಷಿ. ಯಾರೂ ಮುಟ್ಟಬಾರದು. ಇಲ್ಲೇ ಇರು.”

ಶಿವಪುತ್ರಪ್ಪನವರು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. “ವಕೀಲ್ರ, ಅಳಸು ಅಂದ್ರ ಅಳಿಸಿಬಿಡಬೇಕಿಲ್ಲೋ? ನೀವಾ ಹಗ್ಗಾ ತಂದು ನೀವಾ ಕೊಳ್ಳಿಗೆ ಹಾಕ್ಕೊಂಡ್ರೆಲ್ಲೋ ಮಾರಾಯ್ರ!”

ಮಂತ್ರಿಗಳ ಕಾರು ಬಂತು. ಹನುಮಂತಯ್ಯ ಹಲಗೆಯ ಪಕ್ಕದಲ್ಲಿ ನೆಟ್ಟಗೆ ನಿಂತು ಸಲ್ಯೂಟು ಹೊಡೆದರು. ದೂರದಿಂದ ನೋಡಿದರೆ ಪೊಲೀಸ್ ಇಲಾಖೆಯೇ ಆ ಮಾತನ್ನು ಮಂತ್ರಿಗಳಿಗೆ ಗೌರವಪೂರ್ವಕವಾಗಿ ಅರ್ಪಿಸಿದಂತಿತ್ತು. ಮಂತ್ರಿಗಳು ಓದಿದರೋ ಇಲ್ಲವೋ ಎಂಬುದು ನಮ್ಮ ಬೀದಿಯಲ್ಲಿ ಬಹಳ ದಿನ ಚರ್ಚೆಯಾಯಿತು. ಕಾರಿನ ಹತ್ತಿರ ನಿಂತಿದ್ದ ಶಿವಪುತ್ರಪ್ಪನವರ ಪ್ರಕಾರ ಅವರು ಹಿಂದಿನ ಸೀಟಿನಲ್ಲಿ ತಲೆ ಹಿಂದಕ್ಕೆ ಒರಗಿಸಿ ನಿದ್ದೆ ಮಾಡುತ್ತಿದ್ದರು. ಇದನ್ನು ಕೇಳಿ ನಾನು ಹಿಗ್ಗಿದೆ. ನಂತರ ಪುಸ್ತಕ ತೆಗೆದು ನೋಡಿದೆ. ಆ ಕಲಮಿನಲ್ಲಿ, ಹೇಳಿದ್ದು ನಿಜ ಎಂಬುದಕ್ಕೆ ಯಾವ ವಿನಾಯಿತಿಯೂ ಇರಲಿಲ್ಲ.

ಅಪ್ಪನಿಗೆ ವಿಷಯ ತಿಳಿದಾಗ ಅವರು ಬಯ್ಯಲಿಲ್ಲ. “ಅಪ್ರೀತಿ ಅಂತ ಬರ್ದಿದೆಯೇನೋ ಕಾನೂನಿನಲ್ಲಿ?” ಎಂದು ಕೇಳಿದರು. ಹೌದು ಎಂದೆ. “ನಾನು ಸರ್ಕಾರಾನ ಪ್ರೀತಿ ಮಾಡಿದೀನಲ್ಲೋ ಅಷ್ಟು ವರ್ಷ. ಅದು ಮನೆ ಲೆಕ್ಕಕ್ಕೆ ಬರಲ್ವೇನೋ?” ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ದೇವರ ಮುಂದಿನ ಆದೇಶವನ್ನು ಎತ್ತಿ ಟ್ರಂಕಿನಲ್ಲಿಟ್ಟರು.

ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರ ಮೇಜಿನ ಮೇಲೆ ಹಳೆಯ ದಂಡ ಸಂಹಿತೆಯ ಪುಸ್ತಕ ತೆರೆದಿತ್ತು. ಹೊಸದಾಗಿ ಒಂದು ಕಾಗದದ ಚೂರನ್ನು ಗುರುತಿಗೆ ಇಟ್ಟಿದ್ದರು. ಮನುಷ್ಯ ಪ್ರಾಮಾಣಿಕ, ಓದಿದ್ದರು. “ನೀನು ಹೇಳಿದ್ದು ಕರೆಕ್ಟು ಕಣಯ್ಯಾ, ಇದೆ ಈ ಸೆಕ್ಷನ್ನು,” ಎಂದು ಮೆಚ್ಚಿದರು. ನನ್ನ ಜೀವನದಲ್ಲಿ ನನ್ನ ಕಾನೂನು ಜ್ಞಾನವನ್ನು ಮೆಚ್ಚಿದವರು ಅವರೊಬ್ಬರೇ. ಆ ಖುಷಿಗೆ ಇನ್ನೊಂದನ್ನೂ ಹೇಳಿಬಿಟ್ಟೆ: “ಆದ್ರೆ ಸಾರ್, ಇದರಲ್ಲಿ ಕೇಸು ನಡೆಸ್ಬೇಕು ಅಂದ್ರೆ ಸರ್ಕಾರದ ಅನುಮತಿ ಬೇಕು. ಅದು ಬೇರೆ ಪುಸ್ತಕದಲ್ಲಿದೆ.”

“ಹೌದಾ?” ಎಂದು ಪೆನ್ನು ತೆಗೆದರು.

ಹೀಗೆ, ತಾನು ಮಲಗಿದೆ ಎಂದು ಬರೆದವನ ಮೇಲೆ ಕೇಸು ನಡೆಸಲು ಅನುಮತಿ ಕೊಡಬೇಕೆಂದು ಸರ್ಕಾರಕ್ಕೇ ಒಂದು ಪತ್ರ ಹೋಯಿತು. ಉತ್ತರ ಬರುವವರೆಗೆ ನನ್ನ ನಡತೆಯ ವರದಿಯನ್ನು ಕಳಿಸುವಂತಿಲ್ಲ. ಒಳ್ಳೆಯವನು ಎಂದು ಬರೆದರೆ ರಾಜದ್ರೋಹಿಯನ್ನು ಒಳ್ಳೆಯವನೆಂದಂತೆ. ಕೆಟ್ಟವನು ಎಂದರೆ ಸರ್ಕಾರ ಹೇಳುವ ಮೊದಲೇ ಹೇಳಿದಂತೆ. “ಪೆಂಡಿಂಗ್” ಎಂದರು. ತಿಂಗಳು ಮುಗಿಯುತ್ತ ಬರುತ್ತಿತ್ತು. ಸರ್ಕಾರ ಒಮ್ಮೆ ಎದ್ದು ಒಂದು ಸಾಲು ಬರೆಯಲಪ್ಪಾ ಎಂದು ಬೆಳಿಗ್ಗೆ ಸಂಜೆ ಪ್ರಾರ್ಥಿಸುತ್ತಿದ್ದವನು ಬೆಂಗಳೂರಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಇತ್ತ ಹಲಗೆಯ ಕೀರ್ತಿ ಬೆಳೆಯಿತು. ನಾನು ಬರೆದ ಒಳ್ಳೆಯ ಮಾತುಗಳನ್ನೆಲ್ಲ ಮರುದಿನ ನಾನೇ ಒರೆಸುತ್ತಿದ್ದೆ. ಇದೊಂದು ಕೆಟ್ಟ ಮಾತಿಗೆ ಮಾತ್ರ ಪೊಲೀಸ್ ಪಹರೆ ಸಿಕ್ಕಿತು. ಪಹರೆ ನೋಡಿದ ಮೇಲೆ ಓದದೆ ಹೋಗುವವರು ಯಾರು? ಮಾರೇನಹಳ್ಳಿಯಿಂದ, ವಿಜಯನಗರದಿಂದ ಜನ ಬಂದರು. ಓದು ಬಾರದ ತರಕಾರಿಯವಳು ಹನುಮಂತಯ್ಯನವರನ್ನೇ ಕೇಳುತ್ತಿದ್ದಳು: “ಏನ್ ಬರ್ದೈತಣ್ಣ ಅದ್ರಾಗೆ, ಇಂಗ್ ಕಾಯ್ತಾ ಕುಂತಿದೀಯ?”

“ಯೋಳ್‌ಬಾರ್ದು ಕಣವ್ವಾ. ಸರ್ಕಾರದ್ ಇಸ್ಯ.”

“ಅಯ್ಯೋ ಯೋಳಣ್ಣ, ನಾನ್ಯಾರ್ ತಾವ ಯೋಳಕ್ ಓಯ್ತೀನಿ?”

ಹನುಮಂತಯ್ಯ ಮಾಗಡಿ ಕಡೆಯವರು, ಮನಸ್ಸು ಮೃದು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಓದಿ ಹೇಳುತ್ತಿದ್ದರು. ಅವಳು ಬುಟ್ಟಿ ಹೊತ್ತುಕೊಂಡು ಮುಂದಿನ ಬೀದಿಗೆ ಹೋಗಿ, ದನಿ ತಗ್ಗಿಸದೆ ಹೇಳುತ್ತಿದ್ದಳು. ಬೆಳಿಗ್ಗೆ ಕೊಳಾಯಿ ಗೊರಕೆ ಹೊಡೆದರೆ ಸಾಕು, “ಸರ್ಕಾರಕ್ಕಿಂತ ಮೇಲು” ಎಂದು ಒಂದು ಮನೆಯಿಂದ ಕೇಳುತ್ತಿತ್ತು. “ಸದ್ದಾದ್ರೂ ಮಾಡುತ್ತೆ” ಎಂದು ಪಕ್ಕದ ಮನೆಯಿಂದ.

ಹನುಮಂತಯ್ಯನವರೇ ಬರೆದ ಮಹಜರನ್ನು ನಾನು ನೋಡಿದ್ದೇನೆ. “ಸದರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಸರ್ಕಾರದ ಬಗ್ಗೆ ಬರೆಯಬಾರದ ಮಾತು ಬರೆದಿರುತ್ತದೆ” ಎಂದಷ್ಟೇ ಇತ್ತು. ಆ ಮಾತು ಯಾವುದೆಂದು ಬರೆದಿರಲಿಲ್ಲ. “ಅದ್ನ ನಾನ್ ಬರೆದ್ರೆ ನನ್ ಕೈಬರಾದಾಗೂ ಆಯ್ತದಲ್ಲ ಸಾ ರಾಜದ್ರೋಹ,” ಎಂದು ನನಗೆ ವಿವರಿಸಿದರು. ಫೋಟೋ ತೆಗೆಯಲು ಸ್ಟುಡಿಯೋದವನನ್ನು ಕರೆಸಿದ್ದರು. ಫ್ಲ್ಯಾಷಿನ ಬೆಳಕು ಹಲಗೆಗೆ ಬಡಿದು, ಫೋಟೋದಲ್ಲಿ ಒಂದು ಸೂರ್ಯೋದಯ ಮಾತ್ರ ಬಂದಿತ್ತು. ಪಕ್ಕದಲ್ಲಿ ಹನುಮಂತಯ್ಯನವರ ಬೂಟು.

ನಾನು? ನಾನು ಹುತಾತ್ಮನಾಗಲು ಸಿದ್ಧನಾಗುತ್ತಿದ್ದೆ. ಗಡ್ಡ ಬಿಟ್ಟೆ. ನ್ಯಾಯಾಲಯದಲ್ಲಿ ಕೊಡಬೇಕಾದ ಹೇಳಿಕೆಯನ್ನು ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. “ನನ್ನನ್ನು ಬಂಧಿಸಬಹುದು, ನನ್ನ ಸೀಮೆಸುಣ್ಣವನ್ನಲ್ಲ” ಎಂಬಲ್ಲಿಗೆ ಬಂದಾಗ ಅಮ್ಮ ಬಾಗಿಲು ಬಡಿದರು: “ಜೈಲಿಗೆ ಆಮೇಲೆ ಹೋಗುವಂತೆ. ಮೊದ್ಲು ಬೋರ್‌ವೆಲ್ ತಾವ ಹೋಗಿ ಎರಡು ಕೊಡ ತಂದಿಡು.” ತಂದಿಟ್ಟೆ. ರಾತ್ರಿ ಮಲಗಿದರೆ ಮಾತ್ರ ಹುತಾತ್ಮ ಎಲ್ಲೋ ಹೋಗಿ, ಕೆಲಸ ಕಳೆದುಕೊಂಡ ಹುಡುಗನೊಬ್ಬ ಉಳಿಯುತ್ತಿದ್ದ. ಆಚೆ ಕೋಣೆಯಲ್ಲಿ ಅಪ್ಪ ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಬೆಂಗಳೂರಿನ ಮುಂಗಾರು ಮಳೆ ನಿಮಗೆ ಗೊತ್ತಲ್ಲ, ಮಧ್ಯಾಹ್ನದವರೆಗೆ ಏನೂ ಗೊತ್ತಿಲ್ಲದ ಹಾಗಿದ್ದು, ಸಂಜೆಗೆ ಕಚೇರಿ ಬಿಡುವುದನ್ನೇ ಕಾದು ಸುರಿಯುತ್ತದೆ. ಸಾಕ್ಷಿ ನೆನೆಯಬಾರದಲ್ಲ? ಶಿವಪುತ್ರಪ್ಪನವರು ಅಂಗಡಿಯಿಂದ ದೊಡ್ಡ ಕೊಡೆಯೊಂದನ್ನು ಕಳಿಸಿದರು. ಹನುಮಂತಯ್ಯ ಅದನ್ನು ಬಿಚ್ಚಿ, ತಮ್ಮ ತಲೆಗೆ ಹಿಡಿಯದೆ, ಹಲಗೆಗೆ ಹಿಡಿದರು. ನಾನು ಎದುರಿನ ಅಂಗಡಿಯ ಸೂರಿನ ಕೆಳಗೆ ನಿಂತು ಆ ದೃಶ್ಯ ನೋಡಿದೆ. ಸರ್ಕಾರದ ಖಾಕಿ ತೊಟ್ಟ ಮನುಷ್ಯ ತಲೆಯಿಂದ ಕಾಲಿನವರೆಗೆ ತೊಯ್ದುಕೊಂಡು, ಸರ್ಕಾರವನ್ನು ಬಯ್ದ ಮಾತಿಗೆ ನೆರಳಾಗಿ ನಿಂತಿದ್ದರು. ನಗು ಬಂತು. ಆಮೇಲೆ ಬರಲಿಲ್ಲ. ಓಡಿಹೋಗಿ, “ನೀವು ಒಳಗೆ ಬನ್ನಿ ಹನುಮಂತಯ್ಯ, ಹೋದ್ರೆ ಹೋಗ್ಲಿ,” ಎಂದೆ. “ಓದ್ರೆ ನನ್ ಕೆಲ್ಸ ಓಯ್ತದೆ ಸಾ,” ಎಂದರು. ನಾವಿಬ್ಬರೂ ಒಂದೇ ಕಾರಣಕ್ಕೆ ಹೆದರಿ ನಿಂತವರು ಎಂದು ಆಗ ಗೊತ್ತಾಯಿತು. ಕೊಡೆಯ ಇನ್ನೊಂದು ಕಡೆ ನಾನೂ ಹಿಡಿದುಕೊಂಡೆ. ರಾಜದ್ರೋಹಿಯೇ ತನ್ನ ಮೇಲಿನ ಸಾಕ್ಷ್ಯವನ್ನು ಮಳೆಯಿಂದ ಕಾಪಾಡಿದ ಇನ್ನೊಂದು ಪ್ರಕರಣ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕಾಪಾಡಲೂ ಆಗಲಿಲ್ಲ ಅನ್ನಿ. ಗಾಳಿ ಓರೆಗೆ ತಿರುಗಿತು. ಮೊದಲು ಸರ್ಕಾರ ಹೋಯಿತು, ಹಿಂದೆಯೇ ಕೊಳಾಯಿ.

ಮರುದಿನ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರು ನನಗೆ ಹೇಳಿಕಳಿಸಿದರು. ಅಪ್ಪ ತಾವೂ ಬರುತ್ತೇನೆಂದು ಕೋಟು ಹಾಕಿಕೊಂಡರು. ನಿವೃತ್ತಿಯ ದಿನದ ನಂತರ ಅವರು ಅದನ್ನು ಹಾಕಿರಲಿಲ್ಲ. ಹೊಂಗೆ ಮರದ ಕೆಳಗೆ ಆಗಲೇ ಗುಂಪು ಸೇರಿತ್ತು. ಸಬ್ ಇನ್‌ಸ್ಪೆಕ್ಟರ ಮುಖ ಸೊರಗಿತ್ತು.

“ನಾಳೆ ಮೇಲಿನ ಸಾಹೇಬ್ರು ಸ್ಥಳ ನೋಡಕ್ಕೆ ಬರ್ತಾರೆ. ಖಾಲಿ ಬೋರ್ಡ್ ತೋರಿಸ್ಲಾ? ತಗೋ,” ಎಂದು ಒಂದು ಸೀಮೆಸುಣ್ಣ ನನ್ನ ಕಡೆ ಚಾಚಿದರು. “ಹೆಂಗಿತ್ತೋ ಹಂಗೇ ಬರಿ.”

ಬರೆದರೆ ಸತ್ತಿದ್ದ ಕೇಸಿಗೆ ನಾನೇ ಜೀವ ಕೊಟ್ಟಂತೆ. ಬರೆಯದಿದ್ದರೆ ಅವರ ಮೇಜಿನ ಮೇಲಿನ ಕಾಗದ ಅಲ್ಲೇ ಹಳದಿಯಾಗುತ್ತದೆ, ತಿಂಗಳು ಮುಗಿಯುತ್ತದೆ. ಇಂಥ ಇಕ್ಕಟ್ಟಿಗೆ ಒಂದು ಕಲಂ ಇದೆಯಲ್ಲ ಎಂದು ನೆನಪಾಯಿತು. ಅಪರಾಧಕ್ಕೆ ಕುಮ್ಮಕ್ಕು ಕೊಡುವವರ ಬಗ್ಗೆ, ನೂರೊಂಬತ್ತು. ಬಾಯಿ ತೆರೆದೆ. “ಸಾರ್, ಐಪಿಸಿ...”

ಅಪ್ಪ ನನ್ನ ಕಾಲ ಮೇಲೆ ತಮ್ಮ ಬೂಟಿಟ್ಟು ಒತ್ತಿದರು. ಮುಂದೆ ಬಂದು, ಸಾಹೇಬರ ಕೋಣೆಗೆ ಕರೆದಾಗ ನಿಲ್ಲುತ್ತಿದ್ದ ಹಾಗೆ, ಸ್ವಲ್ಪ ಬಾಗಿ ನಿಂತರು.

“ಬರೀತಾನೆ ಸಾರ್. ನೀವು ಡಿಕ್ಟೇಟ್ ಮಾಡಿ.”

“ಡಿಕ್ಟೇಟಾ? ಇವನೇ ಅಲ್ವೇನ್ರೀ ಬರ್ದಿದ್ದು?”

“ಅವತ್ತು ಯಾರೂ ಹೇಳದೆ ಬರ್ದ ಸಾರ್, ಅದಕ್ಕೇ ತಪ್ಪಾಯ್ತು. ನಮ್ಮನೇಲಿ ಡಿಕ್ಟೇಷನ್ ಇಲ್ದೆ ಯಾರೂ ಬರೆಯೋದಿಲ್ಲ. ನೀವು ನಿಧಾನಕ್ಕೆ ಹೇಳಿ, ಅವನು ಅಕ್ಷರ ಬಿಡದೆ ಬರೀತಾನೆ. ಕೊನೇಲಿ ನಿಮ್ಮ ಇನಿಷಿಯಲ್ ಮೊದ್ಲು, ಇವನದು ಆಮೇಲೆ ಹಾಕಿದ್ರಾಯ್ತು. ಪದ್ಧತಿ ಸಾರ್.”

ಸಬ್ ಇನ್‌ಸ್ಪೆಕ್ಟರು ಮಹಜರು ತೆಗೆದು ನೋಡಿದರು. ಬರೆಯಬಾರದ ಮಾತು ಬರೆದಿರುತ್ತದೆ ಎಂದಿತ್ತು. ಹನುಮಂತಯ್ಯ ನೆಲ ನೋಡಿದರು. ಸಬ್ ಇನ್‌ಸ್ಪೆಕ್ಟರೇ ಗಂಟಲು ಸರಿಮಾಡಿಕೊಂಡು ಶುರುಮಾಡಿದರು:

“ಬರ್ಕೋ. ಮಲಗಿರುವ ಸರ್ಕಾರಕ್ಕಿಂತ...”

ಅಲ್ಲಿಗೆ ನಿಂತರು. ಯೂನಿಫಾರ್ಮಿನಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ಗಟ್ಟಿಯಾಗಿ ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ಅರಿವಾಗಿತ್ತು. ಆದರೆ ಗುಂಪಿಗೆ ಆ ಅರಿವಿನ ಅಗತ್ಯವಿರಲಿಲ್ಲ. ಸೈಕಲಿನವರು, ಬಸ್ಸಿಗೆ ಕಾದವರು, ತರಕಾರಿಯವಳು, ಎಲ್ಲರೂ ಶಾಲೆಯ ಮಗ್ಗಿಯಂತೆ ಒಂದೇ ದನಿಯಲ್ಲಿ ಮುಗಿಸಿದರು: “ಒಣಗಿದ ಕೊಳಾಯಿ ಮೇಲು! ಅದು ಸದ್ದಾದರೂ ಮಾಡುತ್ತದೆ!”

“ಇಷ್ಟೂ ಮಂದೀ ಮ್ಯಾಲ ಕೇಸ್ ಹಾಕೂದಂದ್ರ, ಸಾಹೇಬ್ರ, ಜೀಪು ಸಣ್ಣದಾತು,” ಎಂದರು ಶಿವಪುತ್ರಪ್ಪ.

ಸಬ್ ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಹೊಂಗೆ ಮರದ ಮೇಲ್ಭಾಗವನ್ನು ನೋಡಿದರು. ನಂತರ, “ಹನುಮಂತಯ್ಯ, ಬೋರ್ಡ್ ಒರೆಸು,” ಎಂದರು. ಒರೆಸಲು ಏನೂ ಇರಲಿಲ್ಲ. ಆದರೂ ಹನುಮಂತಯ್ಯ ಅಂದು ಕಿತ್ತುಕೊಂಡಿದ್ದ ಬಟ್ಟೆಯನ್ನು ತಂದು, ಖಾಲಿ ಹಲಗೆಯನ್ನು ಮೂಲೆ ಬಿಡದೆ ಒರೆಸಿದರು. “ಸಂಜೆ ಬಂದು ನಿನ್ನ ವರದಿ ತಗೊಂಡ್ಹೋಗು,” ಎಂದು ನನಗೆ ಹೇಳಿ, ಜೀಪು ಹತ್ತಿ, ಮತ್ತೆ ತಲೆ ಹೊರಹಾಕಿದರು. “ಲಾ ಓದೋದು ಬಿಟ್ಬಿಡಯ್ಯಾ.”

ಬಿಟ್ಟೆ. ವರದಿಯಲ್ಲಿ “ನಡತೆ ತೃಪ್ತಿಕರ. ಮಿತಭಾಷಿ” ಎಂದಿತ್ತು.

ಮನೆಗೆ ಬರುವಾಗ ಅಪ್ಪನನ್ನು ಕೇಳಿದೆ: “ಬೇಕು ಅಂತಲೇ ಹಂಗೆ ಹೇಳಿದ್ರಾ ಅಪ್ಪಾ?”

“ಏನು ಬೇಕು ಅಂತ?” ಎಂದರು. “ಡಿಕ್ಟೇಷನ್ ಇಲ್ದೆ ಬರೆದ್ರೆ ತಪ್ಪಾಗುತ್ತೆ ಕಣೋ.” ಮುಖದಲ್ಲಿ ಏನೂ ಇರಲಿಲ್ಲ. ಅದು ಅಭ್ಯಾಸವೋ ಉಪಾಯವೋ ಅವರು ಕೊನೆಯವರೆಗೂ ಹೇಳಲಿಲ್ಲ. ಬಹುಶಃ ಅಷ್ಟು ವರ್ಷ ಸರ್ಕಾರದಲ್ಲಿ ಇದ್ದವರಿಗೆ ಎರಡಕ್ಕೂ ವ್ಯತ್ಯಾಸ ಉಳಿದಿರುವುದಿಲ್ಲ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಆಮೇಲೆ ನಾನೂ ಓರೆಗೆರೆಯ ಈ ಕಡೆ ಬಂದು, ತಲೆ ನರೆಯುವವರೆಗೆ ಕೂತೆ. ಬಂದ ಅರ್ಜಿಗಳಿಗೆಲ್ಲ “ಪರಿಶೀಲನೆಯಲ್ಲಿದೆ” ಎಂದು ಕರಡು ಬರೆದವನು ನಾನೇ. ಹುಡುಗನಾಗಿದ್ದಾಗ ಯಾರು ಮಲಗಿದ್ದಾರೆಂದು ಬರೆದೆನೋ ಅವರ ಪಕ್ಕದಲ್ಲೇ ನನಗೂ ಒಂದು ಹಾಸಿಗೆ ಸಿಕ್ಕಿತು. ನಮ್ಮ ಇಲಾಖೆಯ ಕೊಳಾಯಿ ಸದ್ದನ್ನೂ ಮಾಡುತ್ತಿರಲಿಲ್ಲ. ಅನುಮತಿ ಕೋರಿದ್ದ ಆ ಪತ್ರಕ್ಕೆ ಉತ್ತರ ಬಂದಿದ್ದರೆ, ನನ್ನಂಥ ಯಾರೋ ಒಬ್ಬನ ಕೆಲಸ ಸರಿಯಿಲ್ಲ ಎಂದು ಅರ್ಥ.

ಈಗ ಆ ಹಳೆಯ ಸಂಹಿತೆಯೇ ಹೋಗಿದೆ. ರಾಜದ್ರೋಹ ಎಂಬ ಪದ ಬಿಟ್ಟಿದ್ದಾರೆ. ಸಾರ್ವಭೌಮತೆ, ಏಕತೆ, ಅಖಂಡತೆ ಎಂದು ಹೊಸ ಕಲಮಿನಲ್ಲಿ ಬರೆದಿದ್ದಾರೆ. ರಾಜಾಜಿನಗರದ ಮನೆಗಳ ಗೇಟಿನಲ್ಲಿ ನೀವು ನೋಡಿರುತ್ತೀರಿ, ಹಳೆ ನಂಬರು, ಹೊಸ ನಂಬರು ಎಂದು ಎರಡು ಬರೆದಿರುತ್ತದೆ. ಮನೆ ಅದೇ, ನಾಯಿಯೂ ಅದೇ. ಹೊಸ ನಾಯಿಯೋ ಏನೋ, ಕಚ್ಚಿಸಿಕೊಂಡವರು ಹೇಳಬೇಕು. ನನಗಂತೂ ಹೆದರಲು ನಾಯಿ ಬೇಕಾಗಿರಲಿಲ್ಲ. ಗೇಟಿನ ಸದ್ದಾದರೆ ಸಾಕಿತ್ತು. ಹೆಬ್ಬೆರಳು ಡಿಲೀಟಿನ ಕಡೆ ಓಡುತ್ತಿತ್ತು. ಯಾವ ಸಬ್ ಇನ್‌ಸ್ಪೆಕ್ಟರೂ ಹೇಳದೆ, ಯಾವ ಡಿಕ್ಟೇಷನ್ನೂ ಇಲ್ಲದೆ.

ಪರದೆಯ ಮೇಲಿನ ಸುಣ್ಣದ ಗುರುತನ್ನು ಪಂಚೆಯ ತುದಿಯಿಂದ ಒರೆಸಿದೆ. ಗುರುತು ಹೋಯಿತು, ಗುಂಡಿಯ ಫೋಟೋ ಸ್ಪಷ್ಟವಾಗಿ ಕಂಡಿತು. ಆ ಹುಡುಗಿಯ ಮಾತನ್ನು ಮುಟ್ಟಲಿಲ್ಲ. ಅದರ ಕೆಳಗೆ, ಯಾವ ಕಲಮನ್ನೂ ಉಲ್ಲೇಖಿಸದೆ, ನಾನೇ ಟೈಪು ಮಾಡಿದೆ: “ಭಾನುವಾರ ಎಷ್ಟು ಗಂಟೆಗಮ್ಮಾ? ಅಡ್ಮಿನ್ ಕೂಡ ಬರುತ್ತಾರೆ.”

ಅಷ್ಟು ಹೊತ್ತಿಗೆ ಇರುವೆಗಳು ನಾನು ಅರ್ಧಕ್ಕೆ ಬಿಟ್ಟ ಗೆರೆಯನ್ನು ಬಳಸಿಕೊಂಡು ಸಕ್ಕರೆ ಡಬ್ಬಿ ಸೇರಿದ್ದವು. ಅದಕ್ಕೆ ನನ್ನ ಅಭ್ಯಂತರವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬೇಕರಿಯಿಂದ ಕೇಕು ತರಿಸಿದ್ದರು. ಮೂಲೆಮನೆಯವರು ದೂರದಲ್ಲಿ ನಿಂತಿದ್ದು, ಕೇಕು ಹಂಚುವಾಗ ಹತ್ತಿರ ಬಂದರು. ಸರ್ಕಾರದ ಕಡೆಯಿಂದ ಯಾರೂ ಬರಲಿಲ್ಲ.